ಬೀದರಿನ ಮಣ್ಣು ಕಲಿಸಿದ ಮಿತವ್ಯಯ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ಏರ್ಪಟ್ಟಿದ್ದ ಬೇಸಿಗೆ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಹೆಚ್ಚು ಖರ್ಚಿಲ್ಲದೆ ಮನೆಯಲ್ಲಿಯೂ ಹಿತ್ತಿಲಿನಲ್ಲಿಯೂ ನಾವೇ ಮಾಡಿಕೊಳ್ಳಬಹುದಾದ, ಪರಿಸರಕ್ಕೆ ಹಾನಿ ತರದ ಉಪಾಯಗಳನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಸೂಚಿಸಿದ್ದಾರೆ. ಇಂತಹ ಉಪಾಯಗಳ ಪಟ್ಟಿಗೆ ಈಗ ಕೊರತೆಯಿಲ್ಲ. ಕೊರತೆಯಿರುವುದು ಒಂದು ಉಪಾಯ ಯಾವ ನೆಲದಲ್ಲಿ, ಯಾವ ಹವೆಯಲ್ಲಿ, ಯಾವ ಕಾರಣಕ್ಕೆ ಫಲ ಕೊಡುತ್ತದೆ ಎಂಬ ವಿವೇಚನೆಗೆ. ಆದ್ದರಿಂದ ಇಂದು ನನ್ನದೇ ಒಂದು ತಪ್ಪಿನಿಂದ ಮಾತು ಆರಂಭಿಸುತ್ತೇನೆ. ಆ ತಪ್ಪು ನಡೆದದ್ದು ಇಲ್ಲಿಂದ ಬಹುದೂರದ ಬೀದರ ಜಿಲ್ಲೆಯಲ್ಲಿ, ನಮ್ಮ ರಾಜ್ಯದ ಉತ್ತರದ ತುದಿಯಾದ ಔರಾದ ತಾಲೂಕಿನಲ್ಲಿ.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಡಾಕ್ಟರೇಟ್ ಮುಗಿಸಿ ಹೆಚ್ಚು ದಿನಗಳಾಗಿರಲಿಲ್ಲ. ಕ್ಷೇತ್ರಕಾರ್ಯಕ್ಕೆಂದು ಔರಾದದ ಕಡೆಯ ಹಳ್ಳಿಯೊಂದರಲ್ಲಿ ಕೆಲವು ವಾರ ತಂಗಿದ್ದೆ. ನಾನಿದ್ದ ಮನೆಯ ಬಚ್ಚಲು ನೀರು ಓಣಿಗೆ ಹರಿದು ಕೆಸರಾಗುತ್ತಿತ್ತು. ನಮ್ಮೂರಿನಲ್ಲಿ ನೋಡಿದ್ದನ್ನೇ ನೆನೆದು, ಮೂರು ಅಡಿ ಆಳದ ಗುಂಡಿ ತೋಡಿಸಿ, ಕಲ್ಲು, ಜಲ್ಲಿ, ಮರಳು ತುಂಬಿಸಿ ಇಂಗುಗುಂಡಿ ಮಾಡಿಸಿದೆ. ವಾರದೊಳಗೆ ಗುಂಡಿ ತುಂಬಿ ನಿಂತಿತು. ಹತ್ತು ದಿನಕ್ಕೆ ನಾತ ಹೊಡೆಯಿತು, ಸೊಳ್ಳೆ ಎದ್ದಿತು. ಮನೆಯ ಹಿರಿಯ ತಾಯಿ ಬೈಯಲಿಲ್ಲ. ಮೆಲ್ಲನೆ ಹೇಳಿದರು: “ಸರ, ಎರಿ ಮಣ್ಣಿನ ಹೊಟ್ಟಿ ತುಂಬ್ಯಾದ. ಮ್ಯಾಲ ಎಷ್ಟು ಹಾಕಿದ್ರೂ ಇಳಿಯಂಗಿಲ್ಲ.”

ನಾನು ಪದವಿಗಾಗಿ ಓದಿದ್ದ ಮಣ್ಣುವಿಜ್ಞಾನದ ಸಾರವನ್ನು ಅವರು ಎರಡು ವಾಕ್ಯಗಳಲ್ಲಿ ಹೇಳಿದ್ದರು. ಔರಾದ, ಭಾಲ್ಕಿಗಳ ಹೆಚ್ಚಿನ ನೆಲ ಬಸಾಲ್ಟ್ ಶಿಲೆ ಕರಗಿ ಉಂಟಾದ ಎರೆಮಣ್ಣು. ಅದರಲ್ಲಿರುವ ಜೇಡಿ ನೀರು ತಾಗಿದೊಡನೆ ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಪೂರ್ತಿ ನೆನೆದ ಎರೆಮಣ್ಣಿನಲ್ಲಿ ಗಂಟೆಗೆ ಕೆಲವೇ ಮಿಲಿಮೀಟರಿನಷ್ಟು ನೀರು ಇಳಿದರೆ ಹೆಚ್ಚು. ಬೇಸಿಗೆಯಲ್ಲಿ ಅದೇ ಮಣ್ಣು ಕುಗ್ಗಿ, ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ನಾನು ಗುಂಡಿಯ ಆಕಾರವನ್ನು ಮಲೆನಾಡಿನಿಂದ ಹೊತ್ತು ತಂದಿದ್ದೆ. ಅದು ಅಲ್ಲಿ ಏಕೆ ಫಲಿಸುತ್ತಿತ್ತು ಎಂಬ ಕಾರಣವನ್ನು ತಂದಿರಲಿಲ್ಲ.

ಆ ತಾಯಿ ಮುಂದೆ ಮಾಡಿದ್ದು ಇಷ್ಟೇ. ಗುಂಡಿಯನ್ನು ಮುಚ್ಚಿಸಿ, ಬಚ್ಚಲು ನೀರಿಗೆ ಒಂದು ಗೇಣು ಆಳದ ಉದ್ದನೆಯ ಕಾಲುವೆ ಎಳೆಸಿ, ಅದರ ಬದಿಗೆ ನಿಂಬೆ, ಕರಿಬೇವು, ಬಾಳೆ ಹಚ್ಚಿಸಿದರು. ನೀರು ಕೆಳಗಿಳಿಯದಿದ್ದರೇನು, ಬೇರುಗಳು ಅದನ್ನು ಕುಡಿದು ಎಲೆಗಳು ಗಾಳಿಗೆ ಬಿಟ್ಟವು. ಕಳೆದ ಬೇಸಿಗೆಯಲ್ಲಿ ಪುನಃ ಅಲ್ಲಿಗೆ ಹೋಗಿದ್ದೆ. ಕಾಲುವೆ ಇದೆ, ನಿಂಬೆಗಿಡ ಕಾಯಿ ಬಿಡುತ್ತಿದೆ.

ಔರಾದಿಂದ ಬೀದರ ನಗರಕ್ಕೆ ಬಂದರೆ ನೆಲದ ಬಣ್ಣವೇ ಬೇರೆ. ನಾವು ಚಿರೆಕಲ್ಲು ಎನ್ನುವ, ಕರಾವಳಿಯವರು ಮುರಕಲ್ಲು ಎನ್ನುವ, ಪುಸ್ತಕಗಳು ಜಂಬಿಟ್ಟಿಗೆ ಎನ್ನುವ ಕೆಂಪು ಕಲ್ಲಿನ ಹಾಸಿನ ಮೇಲೆ ಆ ನಗರ ಕುಳಿತಿದೆ. ಮಳೆಯ ನೀರು ತೂತುತೂತಾದ ಈ ಕಲ್ಲಿನೊಳಗೆ ಬೇಗ ಇಳಿದು, ಅಡಿಯಲ್ಲಿರುವ ಗಟ್ಟಿ ನೆಲ ತಡೆದಾಗ ಅಡ್ಡ ಹರಿದು, ಹಾಸಿನ ಅಂಚಿನಲ್ಲಿ ಒರತೆಯಾಗಿ ಹೊರಬರುತ್ತದೆ. ನಾನಕ್ ಝಿರಾ ಗುರುದ್ವಾರದ ಚಿಲುಮೆ ಇಂತಹದು. 15ನೆಯ ಶತಮಾನದಲ್ಲಿ ಬಹಮನಿ ಅರಸರ ರಾಜಧಾನಿ ಬೀದರಿಗೆ ಬಂದಾಗ, ಪರ್ಷಿಯಾದ ಕರೇಜ್ ಪದ್ಧತಿಯಂತೆ ಈ ಒರತೆಯನ್ನೇ ಸುರಂಗದಲ್ಲಿ ಹಿಡಿದರು. ನೌಬಾದಿನಲ್ಲಿ ನೆಲದಡಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಸಾಗುವ ಆ ಕಾಲುವೆಗೆ ಅಲ್ಲಲ್ಲಿ ಬಾವಿಯಂತಹ ಕಂಡಿಗಳಿವೆ. ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಎತ್ತುವ ಯಂತ್ರವಿಲ್ಲ, ಇಂಧನವಿಲ್ಲ. ಇಳಿಜಾರೊಂದೇ ನೀರನ್ನು ನಡೆಸುತ್ತದೆ. ಮೇಲೆ ಬಿಸಿಲು ಬಡಿದರೂ ನೀರು ನೆಲದ ನೆರಳಿನಲ್ಲಿ ಹರಿಯುವುದರಿಂದ ಆವಿಯಾಗಿ ಹೋಗುವುದು ಬಹಳ ಕಡಿಮೆ. ಬಹುಕಾಲ ಹೂಳು ತುಂಬಿದ್ದ ಇದನ್ನು 2015ರ ಆಸುಪಾಸಿನಲ್ಲಿ ಶುಚಿಗೊಳಿಸಲಾಯಿತು. ಅದರ ಮಹತ್ವ ತಿಳಿಯಬೇಕಾದರೆ ಮರುವರ್ಷವನ್ನು ನೆನೆಯಬೇಕು: 2016ರ ಏಪ್ರಿಲ್‌ನಲ್ಲಿ, ಭಾಲ್ಕಿ–ಔರಾದಗಳ ನೆರೆಯ ಲಾತೂರಿಗೆ ಕುಡಿಯುವ ನೀರನ್ನು ಮಿರಜದಿಂದ ರೈಲಿನಲ್ಲಿ ಸಾಗಿಸಬೇಕಾಯಿತು.

ಇದೇ ಕಲ್ಲು, ಇದೇ ಬುದ್ಧಿ ನಮ್ಮ ಹತ್ತಿರವೂ ಇದೆ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಸುರಂಗದಿಂದ ನೀರು ತರುವ ರೂಢಿಯಿದೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು, ಹಲವು ಪ್ರಯತ್ನಗಳು ವಿಫಲವಾದರೂ ಬಿಡದೆ ನೀರು ಕಂಡು, ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅರಸರು ಮಾಡಿಸಿದ್ದನ್ನೂ ಒಬ್ಬ ಕೃಷಿಕ ಮಾಡಿದ್ದನ್ನೂ ಸಾಧ್ಯವಾಗಿಸಿದ್ದು ಕಲ್ಲಿನ ಗುಣವನ್ನು ಓದಿದ ಕಣ್ಣು.

ಹಾಗಾದರೆ ನೆಲವನ್ನು ಓದುವುದು ಹೇಗೆ? ಇದಕ್ಕೆ ಪ್ರಯೋಗಾಲಯ ಬೇಡ. ಹಿತ್ತಿಲಿನಲ್ಲಿ ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೋಡಿ. ನೀರು ತುಂಬಿ ಒಂದು ರಾತ್ರಿ ನೆನೆಯಲು ಬಿಡಿ. ಮರುದಿನ ಪುನಃ ತುಂಬಿ, ಒಂದು ಕಡ್ಡಿಗೆ ಗುರುತು ಹಾಕಿ ನಿಲ್ಲಿಸಿ, ಒಂದು ಗಂಟೆಯ ನಂತರ ನೋಡಿ. ಒಂದು ಅಂಗುಲಕ್ಕಿಂತ ಹೆಚ್ಚು ಇಳಿದಿದ್ದರೆ ಅಲ್ಲಿ ಇಂಗುಗುಂಡಿ ಫಲಿಸೀತು. ಅದಕ್ಕಿಂತ ಕಡಿಮೆಯಾದರೆ ಔರಾದದ ತಾಯಿಯ ದಾರಿ ಹಿಡಿಯಿರಿ.

ಚಿರೆಕಲ್ಲಿನ ನೆಲದಲ್ಲಿ ತದ್ವಿರುದ್ಧವಾದ ಎಚ್ಚರ ಬೇಕು. ಇಲ್ಲಿ ನೀರು ಸೋಸಿಕೊಳ್ಳುವುದಕ್ಕೂ ಸಮಯ ಸಿಗದಷ್ಟು ಬೇಗ ಇಳಿಯುತ್ತದೆ. ಆದ್ದರಿಂದ ಬಚ್ಚಲು ನೀರಿನ ಗುಂಡಿ ಕುಡಿಯುವ ಬಾವಿಗೆ ಐವತ್ತು ಅಡಿಗಿಂತ ಹತ್ತಿರ ಇರಲೇಬಾರದು. ಇನ್ನೂ ದೂರವಾಗಿ, ಬಾವಿಗಿಂತ ತಗ್ಗಿನಲ್ಲಿ ಇದ್ದರೆ ಒಳ್ಳೆಯದು. ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾದದ್ದನ್ನು ಕಂಡಿದ್ದೇವೆ. ಮನೆಯ ಹಿಂದೆ ಕಡಿದಾದ ಧರೆಯಿದ್ದರೆ ಅದರ ನೆತ್ತಿಯಲ್ಲಿ ಇಂಗುಗುಂಡಿ ತೋಡಬೇಡಿ. ನೆಲ ನೀರು ಕುಡಿದಷ್ಟೂ ಭಾರವಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ನೀರಿಂಗಿಸುವುದು ಪುಣ್ಯದ ಕೆಲಸವೆಂಬುದು ನಿಜ. ಆದರೆ ಸಪಾಟಾದ ಜಾಗದಲ್ಲಿ, ಧರೆಯಿಂದ ದೂರದಲ್ಲಿ.

ಇನ್ನು ಭಾಲ್ಕಿಯಲ್ಲಿ ಕಂಡ ಹಿತ್ತಿಲಿನ ವಿಷಯ. ಅಲ್ಲಿ ಒಂದು ಮನೆಯವರು ಮಣ್ಣಿನ ಮಡಕೆಗಳನ್ನು ಕುತ್ತಿಗೆಯವರೆಗೆ ಹೂತು, ಸುತ್ತಲೂ ಬದನೆ, ಹೀರೆ, ಟೊಮೆಟೊ ಬೆಳೆದಿದ್ದರು. ಮಡಕೆಗೆ ನೀರು ತುಂಬಿ ಮುಚ್ಚಳ ಹಾಕಿದರೆ, ಅದರ ಮೈಯಿಂದ ನೀರು ಒಸರಿ ಬೇರಿಗೆ ತಲುಪುತ್ತದೆ. ಮಣ್ಣು ಒಣಗಿದಷ್ಟೂ ಹೆಚ್ಚು ಒಸರುತ್ತದೆ. ತೇವವಿದ್ದರೆ ತಾನೇ ನಿಧಾನವಾಗುತ್ತದೆ. ಎರಡು ಸಾವಿರ ವರ್ಷಗಳ ಹಿಂದಿನ ಚೀನಾದ ಕೃಷಿಗ್ರಂಥದಲ್ಲಿಯೇ ಈ ಕ್ರಮದ ಉಲ್ಲೇಖವಿದೆ. ಆದರೆ ಭಾಲ್ಕಿಯವರು ಅದಕ್ಕೆ ತಮ್ಮ ನೆಲದ ಬುದ್ಧಿ ಸೇರಿಸಿದ್ದರು. ಎರೆಮಣ್ಣು ಒಣಗಿದಾಗ ಮಡಕೆಯಿಂದ ದೂರ ಸರಿದು ಸಂದು ಬಿಡುತ್ತದೆ; ಸಂದಿದ್ದರೆ ನೀರು ದಾಟದು. ಆದ್ದರಿಂದ ಮಡಕೆಯ ಸುತ್ತ ನಾಲ್ಕು ಬೆರಳು ದಪ್ಪಕ್ಕೆ ಮರಳು ಮತ್ತು ತಿಪ್ಪೆಗೊಬ್ಬರದ ಮಿಶ್ರಣ ತುಂಬಿದ್ದರು.

ನಮ್ಮಲ್ಲಿ ಈ ತೊಂದರೆಯಿಲ್ಲ. ಜನವರಿಯಿಂದ ಮೇವರೆಗೆ ತರಕಾರಿ ಬೆಳೆಯುವವರು ಐದಾರು ಲೀಟರಿನ ಮಡಕೆ ಹೂಳಿ, ಒಂದು ಅಡಿಯೊಳಗೆ ಗಿಡ ನೆಟ್ಟು, ಮೇಲೆ ದರಗು ಮುಚ್ಚಿದರೆ ಸಾಕು. ಬಣ್ಣ, ಮೆರುಗು ಇಲ್ಲದ ಮಡಕೆಯೇ ಆಗಬೇಕು. ಕೊಳ್ಳುವ ಮುನ್ನ ನೀರು ತುಂಬಿಡಿಸಿ. ಸ್ವಲ್ಪ ಹೊತ್ತಿನಲ್ಲಿ ಹೊರಮೈ ಬೆವರದಿದ್ದರೆ ಅದು ಈ ಕೆಲಸಕ್ಕೆ ಬಾರದು. ವರ್ಷಕ್ಕೊಮ್ಮೆ ಅಗೆದು ತೆಗೆದು ತೆಂಗಿನ ನಾರಿನಿಂದ ಉಜ್ಜಿದರೆ ಮುಚ್ಚಿದ ರಂಧ್ರ ತೆರೆಯುತ್ತದೆ.

ಮಡಕೆಯ ಇನ್ನೊಂದು ಉಪಯೋಗದ ಬಗೆಗೆ ವಿದ್ಯಾರ್ಥಿಗಳು ಗಮನ ಕೊಡಬೇಕು. ದೊಡ್ಡ ಮಡಕೆಯೊಳಗೆ ಸಣ್ಣದನ್ನಿಟ್ಟು, ನಡುವೆ ಒದ್ದೆ ಮರಳು ತುಂಬಿ, ಮೇಲೆ ಒದ್ದೆ ಬಟ್ಟೆ ಹೊದಿಸಿದರೆ ಕರೆಂಟಿಲ್ಲದ ತಂಪುಪೆಟ್ಟಿಗೆಯಾಗುತ್ತದೆ. ಉತ್ತರ ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾ ಅಬ್ಬಾ ಇದನ್ನು ಹಳ್ಳಿಗಳಿಗೆ ಹಂಚಿ 2000ದಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದರು. ಬೀದರಿನ ಏಪ್ರಿಲ್‌ನಲ್ಲಿ ಸೊಪ್ಪು ತರಕಾರಿ ಇದರಲ್ಲಿ ತಾಜಾ ಉಳಿಯುವುದನ್ನು ನಾನೇ ನೋಡಿದ್ದೇನೆ. ಅದೇ ಉತ್ಸಾಹದಲ್ಲಿ ಊರಿಗೆ ಬಂದು ಜುಲೈ ತಿಂಗಳಲ್ಲಿ ಮಾಡಿದೆ. ಸೊಪ್ಪು ಕೊಳೆತು, ಬಟ್ಟೆಗೆ ಬೂಸ್ಟು ಹಿಡಿಯಿತು.

ಕಾರಣ ಸರಳ. ನೀರು ಆವಿಯಾಗುವಾಗ ತಂಪಾಗುತ್ತದೆ. ಗಾಳಿಯೇ ತೇವದಿಂದ ತುಂಬಿದ್ದರೆ ಆವಿಗೆ ಜಾಗವೆಲ್ಲಿ? ಗಾಳಿ 40 ಡಿಗ್ರಿ ಇದ್ದು ತೇವಾಂಶ ಶೇ. 20 ಇದ್ದರೆ, ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ಸುಮಾರು 22 ಡಿಗ್ರಿಗೆ ಇಳಿಯುತ್ತದೆ. ಗಾಳಿ 27 ಡಿಗ್ರಿ, ತೇವಾಂಶ ಶೇ. 90 ಇರುವ ನಮ್ಮ ಮಳೆಗಾಲದಲ್ಲಿ ಅದು ಇಳಿಯುವುದು ಒಂದೆರಡು ಡಿಗ್ರಿಯಷ್ಟೇ. ಶಾಲೆಯಲ್ಲಿ ಎರಡು ಉಷ್ಣಮಾಪಕಗಳನ್ನು ಪಕ್ಕಪಕ್ಕ ತೂಗುಹಾಕಿ, ಒಂದಕ್ಕೆ ಒದ್ದೆ ಬಟ್ಟೆ ಸುತ್ತಿ, ತಿಂಗಳಿಗೊಮ್ಮೆ ಬರೆದಿಡಿ. ನಿಮ್ಮ ಊರಿನಲ್ಲಿ ಈ ಮಡಕೆ ಯಾವ ತಿಂಗಳಿನಲ್ಲಿ ಕೆಲಸಕ್ಕೆ ಬರುತ್ತದೆಂದು ನೀವೇ ಹೇಳಬಲ್ಲಿರಿ.

ಕಾಳಿನ ಸಂಗ್ರಹದಲ್ಲಿಯೂ ಇದೇ ಪಾಠ. ಬೀದರ ಜಿಲ್ಲೆ ತೊಗರಿ, ಉದ್ದು, ಹೆಸರು, ಕಡಲೆಗಳ ನಾಡು. ಅಲ್ಲಿನ ಮನೆಗಳಲ್ಲಿ ಕಾಳನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಜರಡಿ ಹಿಡಿದ ಒಲೆಬೂದಿ ಬೆರೆಸಿ ಇಡುತ್ತಾರೆ. ಬೂದಿ ಕಾಳುಗಳ ನಡುವಿನ ಸಂದು ತುಂಬಿ ಹುಳುವಿನ ಓಡಾಟ ತಡೆಯುತ್ತದೆ. ಅದರ ಮೈಮೇಲಿನ ಮೇಣದಂತಹ ಪೊರೆಯನ್ನು ಸವೆಸಿ ನೀರಿನಂಶ ಕಳೆಯುತ್ತದೆ. ನಾವು ಅದನ್ನೇ ಮಾಡಿ ಗೋಣಿಚೀಲದಲ್ಲಿಟ್ಟರೆ ಆಷಾಢದಲ್ಲಿ ಬೂದಿ ತೇವ ಹೀರಿ, ಕಾಳಿಗೆ ಬೂಸ್ಟು ಬರುತ್ತದೆ. ನಮ್ಮಲ್ಲಿ ಮೇ ತಿಂಗಳು ಮುಗಿಯುವ ಮೊದಲೇ, ಹಲ್ಲಿಗೆ ಕಟಕ್ಕೆಂದು ಒಡೆಯುವವರೆಗೆ ಒಣಗಿಸಿ, ಬಿಸಿ ಆರಿದ ಮೇಲೆ ಬೂದಿ ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಕುತ್ತಿಗೆಯವರೆಗೂ ತುಂಬಿ ಮುಚ್ಚಬೇಕು. ಬೂದಿ ಇಬ್ಬರಿಗೂ ಒಂದೇ. ಅಲ್ಲಿ ಬಿಸಿಲು ಮಾಡುವ ಕೆಲಸವನ್ನು ಇಲ್ಲಿ ಮುಚ್ಚಳ ಮಾಡಬೇಕು.

ಕೊನೆಯದಾಗಿ ಒಂದು ಲೆಕ್ಕ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ ಸುಮಾರು 850 ಮಿ.ಮೀ. ಮಳೆಯಾಗುವ ಬೀದರಿನಲ್ಲಿ ನೂರು ಚದರ ಮೀಟರಿನ ಮಾಡಿನಿಂದ, ಐದರಲ್ಲೊಂದು ಪಾಲು ನಷ್ಟ ಕಳೆದರೂ, 68,000 ಲೀಟರ್ ಹಿಡಿಯಬಹುದು. 2,500 ಮಿ.ಮೀ. ಬೀಳುವ ನಮ್ಮೂರಿನಲ್ಲಿ ಅದೇ ಮಾಡು ಎರಡು ಲಕ್ಷ ಲೀಟರ್ ಕೊಡುತ್ತದೆ. ಐದು ಜನರ ಕುಟುಂಬಕ್ಕೆ ಕುಡಿಯಲು, ಅಡಿಗೆಗೆ ದಿನಕ್ಕೆ 50 ಲೀಟರಿನಂತೆ ಎಂಟು ತಿಂಗಳಿಗೆ ಬೇಕಾದದ್ದು 12,000 ಲೀಟರ್ ಮಾತ್ರ.

ಇಷ್ಟಿದ್ದೂ ಮಾರ್ಚ್ ಬಂದರೆ ನಮ್ಮ ಎಷ್ಟೋ ಬಾವಿಗಳಲ್ಲಿ ಕೊಡ ತಳ ಮುಟ್ಟುತ್ತದೆ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿದಾಗ ಆ ಪಟ್ಟಿಯಲ್ಲಿ ಮಲೆನಾಡಿನ ತಾಲೂಕುಗಳೂ ಇದ್ದವು. ನೀರು ಹೇರಳವಾಗಿದ್ದ ಕಾರಣ ಅದನ್ನು ಲೆಕ್ಕವಿಡುವ ಅಭ್ಯಾಸ ನಮಗೆ ಬರಲಿಲ್ಲ. ಬಯಲುಸೀಮೆಯವರನ್ನು ‘ನೀರಿಲ್ಲದ ಊರಿನವರು’ ಎಂದು ಕನಿಕರಿಸುತ್ತ ಬಂದ ನಾವು ಈಗ ಅವರಲ್ಲಿಗೆ ಹೋಗಿ ಕಲಿಯಬೇಕಾಗಿದೆ.

ಆದ್ದರಿಂದ ಈ ಶಿಬಿರದಿಂದ ಮನೆಗೆ ಹೋದವರು ಹತ್ತು ಹೊಸ ವಸ್ತು ಮಾಡಬೇಕಾಗಿಲ್ಲ. ಮೊದಲು ಹಿತ್ತಿಲಿನ ಒಂದು ಅಡಿ ಗುಂಡಿಗೆ ನೀರು ಹಾಕಿ, ಗಂಟೆ ಹೊತ್ತು ಪಕ್ಕದಲ್ಲಿ ಕುಳಿತುಕೊಳ್ಳಿ. ಎಷ್ಟು ಇಳಿಯಿತೆಂದು ಬರೆದುಕೊಳ್ಳಿ. ನಂತರ ಮನೆಯ ಹಿರಿಯರನ್ನು ಕೇಳಿ, ಅವರು ಏನು ಮಾಡುತ್ತಿದ್ದರೆಂದು ಮಾತ್ರವಲ್ಲ, ಏಕೆ ಮಾಡುತ್ತಿದ್ದರೆಂದು. ಡಾಕ್ಟರೇಟ್ ಪಡೆದವನಿಗೆ ಔರಾದದ ತಾಯಿಯೊಬ್ಬರು ಕಲಿಸಿದ ಪಾಠ ಇದು. ಅದನ್ನು ನಿಮಗೆ ಒಪ್ಪಿಸಿದ್ದೇನೆ.