ಶರದೃತುವಿನ ಸಂಜೆಗಳಿಗೆ



ಮಳೆ ಹಿಂದೆಗೆದು ಆಕಾಶ ತೊಳೆದಂತಾಗುವ ಕಾಲವಿದು. ಆಶ್ವಯುಜ, ಕಾರ್ತಿಕಗಳ ಸಂಜೆಗಳಿಗೆ ನನ್ನ ಸಲಹೆ ಇಷ್ಟು.

ಮೊದಲು ತ. ರಾ. ಸುಬ್ಬರಾಯರ ‘ಹಂಸಗೀತೆ’ಯನ್ನು ಮನೆಮಂದಿಯೆಲ್ಲ ಕುಳಿತು, ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳಿರಿ. ಚಿತ್ರದುರ್ಗದ ಗಾಯಕ ಭೈರವಿ ವೆಂಕಟಸುಬ್ಬಯ್ಯನ ಕಥೆ ಅದು. ಅನಂತರ ಅದನ್ನು ಆಧರಿಸಿ ಜಿ. ವಿ. ಅಯ್ಯರ್ 1975ರಲ್ಲಿ ತೆಗೆದ ಚಲನಚಿತ್ರವನ್ನು ನೋಡಿರಿ. ಬಾಲಮುರಳೀಕೃಷ್ಣರ ಕಂಠಕ್ಕೆ ರಾಷ್ಟ್ರಪ್ರಶಸ್ತಿ ತಂದ ಚಿತ್ರವದು.

ಹಾಡೆಂದು ಅರಸನು ಆಜ್ಞಾಪಿಸಿದರೆ ಕಲಾವಿದನು ಹಾಡಲೇಬೇಕೆ? ಗುಂಡಿ ತಿರುಗಿಸಿದೊಡನೆ ಗಾನ ಬರಬೇಕೆನ್ನುವ ನಮ್ಮನ್ನೂ ಈ ಪ್ರಶ್ನೆ ತಟ್ಟದಿರದು. ಆದುದರಿಂದ ಮಲ್ಲಿಕಾರ್ಜುನ ಮನಸೂರರ ರಾಗವೊಂದನ್ನು, ಕೈಗೆಲಸವನ್ನೂ ಮಾತನ್ನೂ ಬದಿಗಿಟ್ಟು, ಮೊದಲಿನಿಂದ ಕೊನೆಯವರೆಗೆ ಕೇಳಿರಿ.

ಇನ್ನು ಅಡುಗೆ. ಆಶ್ವಯುಜದ ಭೂಮಿ ಹುಣ್ಣಿಮೆಯಂದು ಮಲೆನಾಡಿನವರು ಮಾಡುವ ಸೌತೆಕಾಯಿ ಕಡುಬನ್ನು ಮಾಡಿ ನೋಡಿರಿ. ಬಲಿತ ಸೌತೆಯ ಬೀಜ ತೆಗೆದು ತುರಿದು, ಅಕ್ಕಿತರಿ, ಬೆಲ್ಲ, ಕಾಯಿತುರಿ ಬೆರೆಸಿ, ಬಾಳೆಲೆಯಲ್ಲಿ ಮಡಿಚಿ ಹಬೆಯಲ್ಲಿ ಬೇಯಿಸಬೇಕು. ಸೌತೆ ಬಿಡುವ ನೀರೇ ಸಾಕು. ಬಿಸಿಯಿರುವಾಗಲೇ ತುಪ್ಪ ಹಾಕಿ ಬಡಿಸಿರಿ.

ಬೆಳೆ ಹೊತ್ತ ಭೂಮಿಗೆ ಮೊದಲು ಎಡೆಯಿಟ್ಟು ಆಮೇಲೆ ಉಣ್ಣುವುದು ಅಲ್ಲಿಯ ರೂಢಿ. ಹಾಡುವವರ ವಿಷಯದಲ್ಲಿಯೂ ನಾವು ಅಷ್ಟು ಮರ್ಯಾದೆ ತೋರಿದರೆ ಒಳಿತು.