ಪಹಣಿ ಇರೋ ಡಿಸ್ಕ್‌ನ ಬಾಗಿಲು ಕಾಯೋರು ಯಾರು?

ಹೊಸದುರ್ಗ ತಾಲೂಕಿನ ಹಾಲುರಾಮೇಶ್ವರ ಗೊತ್ತಲ್ಲ, ಗಂಗೆ ಕೊಳಕ್ಕೆ ಹೆಸರಾದ ಕ್ಷೇತ್ರ. ನಾನು ಆ ಕಡೆಯವನು. ಕೆಲಸ ಬೆಂಗಳೂರಲ್ಲಿ, ಸ್ಟೋರೇಜ್ ನೆಟ್‌ವರ್ಕ್ ನೋಡ್ಕೊಳ್ಳೋದು. ಊರಿನ ಹುಡುಗರು "ಅಣ್ಣಾ, ಹಂಗಂದ್ರೇನು?" ಅಂತ ಕೇಳಿದ್ರೆ ನಾನು ಪಹಣಿಯಿಂದ ಶುರು ಮಾಡ್ತೀನಿ.

2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ಹಾಕಿತು. ಅಂದ್ರೆ ನಿಮ್ಮ ತೆಂಗಿನ ತೋಟ ಯಾರ ಹೆಸರಲ್ಲಿದೆ ಅನ್ನೋದು ಈಗ ಲೆಕ್ಕಿಗರ ಪುಸ್ತಕದಲ್ಲಿಲ್ಲ, ಎಲ್ಲೋ ಒಂದು ಡಿಸ್ಕ್‌ನಲ್ಲಿದೆ. ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಸಾಮಾನ್ಯವಾಗಿ ಡಿಸ್ಕ್‌ಗಳು ಸರ್ವರ್ ಒಳಗೆ ಇರಲ್ಲ, ಬೇರೆ ಕಡೆ ಇರ್ತವೆ. ಎರಡನ್ನೂ ಸೇರಿಸೋದು ಫೈಬರ್ ಚಾನೆಲ್ ಸ್ವಿಚ್. ಈ ಜಾಲಕ್ಕೆ ಸ್ಯಾನ್ ಅಂತಾರೆ.

ಫೈರ್‌ವಾಲ್ ಬಗ್ಗೆ ಎಲ್ಲರೂ ಮಾತಾಡ್ತಾರೆ, ಸ್ಯಾನ್ ಸ್ವಿಚ್ ಬಗ್ಗೆ ಯಾರೂ ಮಾತಾಡಲ್ಲ. ಆದ್ರೆ ಸಂಬಂಧವಿಲ್ಲದ ಒಂದು ವಿಂಡೋಸ್ ಸರ್ವರ್‌ಗೆ ಬೇರೆಯವರ ಡಿಸ್ಕ್ ಕಾಣಿಸಿತು ಅಂತಿಟ್ಕೊಳ್ಳಿ. ಗುರುತು ಸಿಗದಿದ್ರೆ ಅದು "ಇನಿಷಿಯಲೈಸ್ ಮಾಡಲಾ?" ಅಂತ ಕೇಳುತ್ತೆ. ಯಾರೋ ನಿದ್ದೆಗಣ್ಣಲ್ಲಿ ಓಕೆ ಒತ್ತಿದ್ರೆ ಮುಗೀತು. ಹ್ಯಾಕರೇ ಬರಬೇಕು ಅಂತಿಲ್ಲ.

ಇದನ್ನ ತಡೆಯೋಕೆ ಮೊದಲು ಝೋನಿಂಗ್ ಮಾಡ್ತೀವಿ: ಯಾವ ಸರ್ವರ್‌ಗೆ ಯಾವ ಸ್ಟೋರೇಜ್ ಕಾಣಬೇಕು ಅಂತ. ಗುರುತು ಹಿಡಿಯೋದು ಡಬ್ಲ್ಯುಡಬ್ಲ್ಯುಎನ್ ಅನ್ನೋ 8 ಬೈಟ್ ವಿಳಾಸದಿಂದ. ತೊಂದರೆ ಏನಂದ್ರೆ ಈ ವಿಳಾಸ ಬಾಗಿಲ ಮೇಲಿನ ಹೆಸರಿನ ಬೋರ್ಡ್ ಇದ್ದಂಗೆ, ಬೇಕಾದವರು ಬದಲಾಯಿಸಬಹುದು. ಹಾಗಾಗಿ ಝೋನಿಂಗ್ ಇದೆ, ಸಾಕು ಅನ್ನೋ ಮಾತನ್ನ ನಾನು ಒಪ್ಪಲ್ಲ.

ಬ್ರೋಕೇಡ್ ಸ್ವಿಚ್‌ಗಳನ್ನೇ ತಗೊಳ್ಳಿ. (1995ರಲ್ಲಿ ಶುರುವಾದ ಕಂಪನಿ, 2017ರಲ್ಲಿ ಬ್ರಾಡ್‌ಕಾಮ್ ಕೊಂಡ್ಕೊಳ್ತು.) ಇವುಗಳಲ್ಲಿ ಡಿಸಿಸಿ ಅಂತ ಒಂದು ಪಾಲಿಸಿ ಇದೆ. ಇಂಥ ಪೋರ್ಟ್‌ಗೆ ಇಂಥ ಸಾಧನ ಮಾತ್ರ ಬರಬೇಕು, ಬೇರೆಯದು ಲಾಗಿನ್ ಆದ್ರೆ ಪೋರ್ಟೇ ಬಂದ್. ಹೆಸರಿನ ಬೋರ್ಡ್ ಕದ್ದವನು ಅದೇ ಬಾಗಿಲಿಗೂ ಬರಬೇಕಾಗುತ್ತೆ. ಎಸ್‌ಸಿಸಿ ಪಾಲಿಸಿ ಯಾವ ಸ್ವಿಚ್‌ಗಳು ಜಾಲಕ್ಕೆ ಸೇರಬಹುದು ಅಂತ ಹೇಳುತ್ತೆ. ಅದರ ಮೇಲೆ ಡಿಎಚ್-ಚಾಪ್ ಹಾಕಿದ್ರೆ ಎರಡೂ ಕಡೆಯವರಿಗೆ ಮಾತ್ರ ಗೊತ್ತಿರೋ ಗುಟ್ಟಿನ ಪದ ಬೇಕು. ಟೆಲ್ನೆಟ್‌ನ 23ನೇ ಪೋರ್ಟ್ ಮುಚ್ಚಿ, ಎಸ್‌ಎಸ್‌ಎಚ್‌ನ 22 ಇಟ್ಕೊಳ್ಳಿ. ಅದು ಐದು ನಿಮಿಷದ ಕೆಲಸ.

ಈಗ ಎಡವೋ ಜಾಗ. ಸ್ವಿಚ್ ಒಳಗೆ ಪಾಲಿಸಿಗಳ ಎರಡು ಪಟ್ಟಿ ಇರುತ್ತೆ: ಬರೆದಿಟ್ಟಿದ್ದು, ಜಾರಿಯಲ್ಲಿರೋದು. ಬರೀ ಸೇವ್ ಮಾಡಿದ್ರೆ ಮೊದಲನೇದಕ್ಕೆ ಮಾತ್ರ ಹೋಗುತ್ತೆ, ಆಕ್ಟಿವೇಟ್ ಮಾಡಿದ್ರೇನೇ ಕಾವಲು ಶುರು. ಆಡಿಟ್‌ಗೆ ತೋರಿಸೋಕೆ ಸೇವ್ ಮಾಡಿ ಕೈ ತೊಳ್ಕೊಂಡ್ರೆ ಬಾಗಿಲು ತೆರೆದೇ ಇರುತ್ತೆ. ಇದರ ಉಲ್ಟಾನೂ ಇದೆ. ಒಂದೂ ಹೆಸರಿಲ್ಲದ ಎಸ್‌ಸಿಸಿ ಪಾಲಿಸಿಯನ್ನ ಆಕ್ಟಿವೇಟ್ ಮಾಡಿದ್ರೆ ಪಕ್ಕದ ಸ್ವಿಚ್‌ಗಳೆಲ್ಲ ಕಡಿದುಹೋಗ್ತವೆ, ಕಾವಲುಗಾರ ಮನೆಯವರನ್ನೇ ಹೊರಗೆ ಹಾಕಿದಂಗೆ!

ಅದಕ್ಕೇ ಪ್ರತಿ ಸರ್ವರ್‌ಗೂ ಎ, ಬಿ ಅಂತ ಎರಡು ಪ್ರತ್ಯೇಕ ಜಾಲ ಇರುತ್ತೆ. ಮೊದಲು ಈಗ ಜೋಡಿಸಿರೋದೆಲ್ಲ ಪಟ್ಟಿ ಮಾಡಿ. ಬಿ ಕಡೆಯಿಂದ ಡಿಸ್ಕ್ ಸರಿಯಾಗಿ ಕಾಣ್ತಿದೆಯಾ ಅಂತ ಸರ್ವರ್‌ನಲ್ಲೇ ನೋಡಿ, ಆಮೇಲೆ ಎ ಕಡೆ ಪಾಲಿಸಿ ಹಾಕಿ. ಎರಡು ಕಡೆಯನ್ನೂ ಒಂದೇ ರಾತ್ರಿ ಮಾಡಬೇಡಿ. ಎ ಒಂದಷ್ಟು ದಿನ ಸುಮ್ಮನೆ ಓಡಲಿ, ಬಿ ಕಾಯುತ್ತೆ. ಮತ್ತೆ ಸರ್ವರ್‌ನ ಕಾರ್ಡ್ ಕೆಟ್ಟು ಹೊಸದು ಹಾಕಿದ ದಿನ, ಅದರ ವಿಳಾಸ ಪಾಲಿಸಿಗೆ ಸೇರಿಸಿ, ಹಳೇದನ್ನ ಅಳಿಸಿ, ಆಮೇಲೆ ಊಟಕ್ಕೆ ಹೋಗಿ.