ಪಾಳು ಭೂಮಿ ಯಾರದು? ದುಡ್ಡು ಯಾರದು?

ತಾಯಂದಿರೇ, ಅಕ್ಕ ತಂಗಿಯರೇ,

ನಮ್ಮ ಊರು ಅರಸೀಕೆರೆ. ಅರಸಿ ಅಂದರೆ ರಾಣಿ. ಹೊಯ್ಸಳರ ಕಾಲದಲ್ಲಿ ಒಬ್ಬ ಅರಸಿ ಇಲ್ಲಿ ಕೆರೆ ಕಟ್ಟಿಸಿದಳು, ಅದಕ್ಕೇ ಈ ಹೆಸರು ಬಂತು ಅಂತ ಹಿರಿಯರು ಹೇಳುತ್ತಾರೆ. ಆಗ ಇಂಥ ಕೆಲಸಕ್ಕೆ ದುಡ್ಡು ಅರಮನೆಯಿಂದ ಬರುತ್ತಿತ್ತು. ಈಗ ಪಂಚಾಯಿತಿ ಮೂಲಕ ಬರುತ್ತದೆ. ಅರಮನೆಯ ಲೆಕ್ಕವನ್ನು ಯಾರೂ ಕೇಳುವ ಹಾಗಿರಲಿಲ್ಲ. ಪಂಚಾಯಿತಿಯ ಲೆಕ್ಕವನ್ನು ನಾವು ಕೇಳಬಹುದು. ಇವತ್ತು ಅದರ ಬಗ್ಗೆ ಮಾತಾಡೋಣ.

ಅದು ನಿಜವಾಗಿ ಪಾಳೇ?

ನಮ್ಮ ಹಾಸನ ಜಿಲ್ಲೆ ಒಂದೇ. ಆದರೆ ಮಳೆ ಒಂದೇ ಅಲ್ಲ. ಸಕಲೇಶಪುರದಲ್ಲಿ ಹಿಡಿದ ಮಳೆ ಬಿಡುವುದಿಲ್ಲ. ಬೇಲೂರು, ಹಳೇಬೀಡು ದಾಟಿ ಅರಸೀಕೆರೆಗೆ ಬರುವ ಹೊತ್ತಿಗೆ ಮೋಡ ಬರಿದಾಗಿರುತ್ತದೆ. ನಮ್ಮದು ರಾಗಿ, ತೆಂಗಿನ ಸೀಮೆ. ಮಳೆ ಕೈಕೊಟ್ಟರೆ ತೆಂಗಿನ ಮರವೂ ಸುಳಿ ಬಾಡುತ್ತದೆ.

ಊರಾಚೆ ಹೋಗಿ ನೋಡಿ. ಕಲ್ಲು ದಿಬ್ಬ. ಮಣ್ಣು ಕೊಚ್ಚಿಹೋದ ಕೊರಕಲು. ಜಾಲಿ ಮುಳ್ಳು ಬೆಳೆದ ಕೆರೆ ಅಂಗಳ. ಇದನ್ನೆಲ್ಲ ಪಾಳು ಅಂತೀವಿ, ಬಂಜರು ಅಂತೀವಿ. ಸರ್ಕಾರದ ಕಾಗದದಲ್ಲಿ ಬೇರೆ ಹೆಸರುಗಳಿವೆ. ದನ ಮೇಯುವ ಜಾಗ ಗೋಮಾಳ. ಊರಿನ ಮರಗಳ ಜಾಗ ಗುಂಡುತೋಪು. ಉಳುಮೆಗೆ ಬಾರದ ಜಾಗ ಖರಾಬು.

ಈಗ ಹೇಳಿ. ಈ ಪಾಳಿಗೆ ದಿನಾ ಹೋಗುವವರು ಯಾರು? ಸೌದೆಗೆ ಹೋಗುವವರು ನಾವು. ಮೇಕೆ ಹೊಡೆದುಕೊಂಡು ಹೋಗುವವರು ನಾವು. ಹೊಂಗೆ ಬೀಜ, ಹುಣಸೆ ಹಣ್ಣು, ಸೀತಾಫಲ, ಪೊರಕೆ ಕಡ್ಡಿ ಆರಿಸುವವರು ನಾವು. ಹೊಲ ಇಲ್ಲದವಳಿಗೆ ಅದೇ ಹೊಲ. ಹಾಗಾದರೆ ಅದು ಪಾಳು ಹೇಗಾಗುತ್ತದೆ? ಅದು ಬಡವಾದ ಭೂಮಿ, ಅಷ್ಟೇ. ಬಡವಾದ ಮೈಗೆ ಆರೈಕೆ ಬೇಕು. ಬಡವಾದ ಭೂಮಿಗೂ ಬೇಕು.

ಅದಕ್ಕೆ ವಾರಸುದಾರರು ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ರಾಜ್ಯದ ನಿಯಮದಲ್ಲಿ 100 ರಾಸುಗಳಿಗೆ 30 ಎಕರೆ ಗೋಮಾಳ ಇಡಬೇಕು ಅಂತ ಇದೆ. ಊರಿನ ಇಂಥ ಜಾಗಗಳ ಒತ್ತುವರಿ ಬಿಡಿಸಿ ಊರಿಗೇ ಉಳಿಸಿಕೊಡಬೇಕು ಅಂತ ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ.

ಕುಸನೂರಿನಲ್ಲಿ ಏನಾಯಿತು?

ಜನರನ್ನು ಕೇಳದೆ ಪಾಳು ಭೂಮಿಯನ್ನು ಹಸಿರು ಮಾಡಲು ಹೋದರೆ ಏನಾಗುತ್ತದೆ? ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಕಥೆ ಇದೆ. ಕಟ್ಟುಕಥೆ ಅಲ್ಲ, ನಡೆದ ಕಥೆ.

1984ರಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಅಂತ ಒಂದು ಕಂಪನಿ ಆಯಿತು. ಅದರಲ್ಲಿ ಸರ್ಕಾರವೂ ಪಾಲುದಾರ, ಹರಿಹರದ ಕಾರ್ಖಾನೆಯೂ ಪಾಲುದಾರ. ಹಳ್ಳಿಗಳ ಸುಮಾರು 75 ಸಾವಿರ ಎಕರೆ ಸರ್ಕಾರಿ ಜಾಗದಲ್ಲಿ ನೀಲಗಿರಿ ಬೆಳೆಸುವುದು ಅದರ ಯೋಜನೆ. ಕಾಗದದಲ್ಲಿ ಅದು ಪಾಳು ಜಾಗ. ಹಳ್ಳಿಯವರಿಗೆ ಅದು ಹುಲ್ಲು, ಸೌದೆ, ಸೊಪ್ಪಿನ ಜಾಗ. ನೀಲಗಿರಿ ಎಲೆಯನ್ನು ದನ ಮೂಸುವುದಿಲ್ಲ. ಅದರ ಮರ ಹೋಗುವುದು ಕಾರ್ಖಾನೆಗೆ. ಊರಿಗೆ ಉಳಿಯುವುದು ಏನು?

1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿದರು. ಆಗ ಅದು ಧಾರವಾಡ ಜಿಲ್ಲೆ, ಈಗ ಹಾವೇರಿ ಜಿಲ್ಲೆ. ಗಲಾಟೆ ಮಾಡಲಿಲ್ಲ. ನೀಲಗಿರಿ ಸಸಿ ಕಿತ್ತರು. ಆ ಜಾಗದಲ್ಲಿ ಜನರಿಗೆ ಬೇಕಾದ ಗಿಡ ನೆಟ್ಟರು. ಇದಕ್ಕೆ ಕಿತ್ತಿಕೋ ಹಚ್ಚಿಕೋ ಚಳವಳಿ ಅಂತ ಹೆಸರಾಯಿತು. ಡಾ. ಶಿವರಾಮ ಕಾರಂತರು ಮತ್ತು ಇತರರು ಸುಪ್ರೀಂ ಕೋರ್ಟಿಗೂ ಹೋಗಿದ್ದರು. ಕೊನೆಗೆ 1991ರಲ್ಲಿ ಸರ್ಕಾರ ಆ ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿತು.

ಈ ಕಥೆಯ ಪಾಠ ಇಷ್ಟೇ. ಗಿಡ ನೆಡುವುದು ಒಳ್ಳೆಯದೇ. ಆದರೆ ಯಾವ ಗಿಡ, ಯಾರಿಗೆ ಅಂತ ಮೊದಲು ಕೇಳಬೇಕು.

ಭೂಮಿ ಚೇತರಿಸುವುದು ಹೇಗೆ?

ಮೊದಲು ನೀರು ನಿಲ್ಲಿಸಬೇಕು. ಓಡುವ ನೀರು ನಡೆಯಬೇಕು, ನಡೆಯುವ ನೀರು ನಿಲ್ಲಬೇಕು, ನಿಂತ ನೀರು ಇಂಗಬೇಕು. ಅದಕ್ಕೇ ಕೆಲಸ ದಿಬ್ಬದ ಮೇಲಿಂದ ಶುರುವಾಗಬೇಕು. ಮೇಲೆ ಅಡ್ಡ ಕಂದಕ. ಅದರ ಕೆಳಗೆ ಬದು. ಕೊರಕಲಿಗೆ ಕಲ್ಲಿನ ತಡೆ. ತಗ್ಗಿನಲ್ಲಿ ಗೋಕಟ್ಟೆ. ಮೇಲಿನ ಕೆಲಸ ಬಿಟ್ಟು ಕೆಳಗೆ ಮಾತ್ರ ಕಟ್ಟೆ ಕಟ್ಟಿದರೆ ನಾಲ್ಕು ಮಳೆಗೆ ಹೂಳು ತುಂಬುತ್ತದೆ.

ಆಮೇಲೆ ಹುಲ್ಲು, ಗಿಡ. ಹೊಂಗೆ, ಬೇವು, ಹುಣಸೆ, ನೇರಳೆ, ಹಿಪ್ಪೆ ನಮ್ಮ ಬಯಲಿಗೆ ಹೊಂದುವ ಮರಗಳು. ನಮ್ಮ ಜಿಲ್ಲೆಯ ಮಡೆನೂರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ಜೈವಿಕ ಇಂಧನ ಉದ್ಯಾನ ಶುರು ಮಾಡಿತು. ಹೊಂಗೆ, ಹಿಪ್ಪೆ, ಬೇವಿನ ಬೀಜದಿಂದ ಎಣ್ಣೆ ತೆಗೆಯುವುದನ್ನು ಅಲ್ಲಿ ತೋರಿಸಿದರು. ಬದುವಿನ ಮೇಲೆ, ಬರಡು ಜಾಗದಲ್ಲಿ ಈ ಮರ ಬೆಳೆಸಿ ಅಂತ ರೈತರಿಗೆ ಹೇಳಿದರು. ಬೀಜ ಆರಿಸುವವರ ಕೈಗೂ ಇದರಿಂದ ನಾಲ್ಕು ಕಾಸು ಸಿಗುತ್ತದೆ.

ಇಲ್ಲಿ ಒಂದು ತೊಡಕಿದೆ. ಗಿಡ ನೆಟ್ಟ ಜಾಗಕ್ಕೆ ಬೇಲಿ ಹಾಕುತ್ತಾರೆ. ಮೇಕೆ ಸಾಕುವವಳು ಎಲ್ಲಿಗೆ ಹೋಗಬೇಕು? ಬೇಲಿ ಹಾಕದಿದ್ದರೆ ಗಿಡ ಉಳಿಯಲ್ಲ. ಹಾಕಿದರೆ ಅವಳ ಒಲೆ ಉರಿಯಲ್ಲ. ದಾರಿ ಇದೆ. ಗೋಮಾಳವನ್ನು ಮೂರು ನಾಲ್ಕು ಭಾಗ ಮಾಡಬೇಕು. ಒಂದು ಭಾಗ ಮುಚ್ಚಿ, ಉಳಿದದ್ದು ಮೇವಿಗೆ ಬಿಡಬೇಕು. ಮುಚ್ಚಿದ ಭಾಗದ ಹುಲ್ಲನ್ನು ಕೊಯ್ದು ತರಲು ಬಿಡಬೇಕು. ಗಿಡ ದನದ ಬಾಯಿಗೆ ಎಟುಕದಷ್ಟು ಬೆಳೆದ ಮೇಲೆ ಇನ್ನೊಂದು ಭಾಗ ಮುಚ್ಚಬೇಕು. ಈ ಮಾತನ್ನು ಗ್ರಾಮ ಸಭೆಯಲ್ಲಿ ಯಾರು ಹೇಳಬೇಕು? ಮೇಕೆ ಸಾಕುವವಳೇ ಹೇಳಬೇಕು. ಅವಳು ಹೇಳದಿದ್ದರೆ ಬೇರೆ ಯಾರಿಗೂ ನೆನಪಾಗಲ್ಲ.

ಇನ್ನೊಂದು ಮಾತು. ಗುಂಡಿ ತೋಡಲು ದುಡ್ಡು, ಸಸಿಗೆ ದುಡ್ಡು. ಬೇಸಿಗೆಯಲ್ಲಿ ನೀರು ಹಾಕಲು? ಕಾಯಲು? ಅದಕ್ಕೂ ದುಡ್ಡು ಇಡಬೇಕು. ಇಲ್ಲಾಂದ್ರೆ ಮಳೆಗಾಲದಲ್ಲಿ ನೆಟ್ಟ ಗಿಡ ಶಿವರಾತ್ರಿ ಹೊತ್ತಿಗೆ ಕಡ್ಡಿ. ಮುಂದಿನ ವರ್ಷ ಅದೇ ಗುಂಡಿಗೆ ಮತ್ತೆ ಗಿಡ, ಅದೇ ಗುಂಡಿಗೆ ಮತ್ತೆ ಬಿಲ್ಲು.

ದುಡ್ಡಿನ ಲೆಕ್ಕ

2005ರಲ್ಲಿ ಉದ್ಯೋಗ ಖಾತ್ರಿ ಕಾನೂನು ಬಂತು. ಒಂದು ಮನೆಗೆ ವರ್ಷಕ್ಕೆ 100 ದಿನ ಕೆಲಸ ಅಂತ ಅದು ಹೇಳಿತು. ಕೆಲಸ ಪಡೆಯುವವರಲ್ಲಿ ಮೂರರಲ್ಲಿ ಒಂದು ಪಾಲಾದರೂ ಹೆಂಗಸರಿರಬೇಕು ಅಂದಿತು. ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೂಲಿ. ಗುತ್ತಿಗೆದಾರ ಇರುವ ಹಾಗಿಲ್ಲ. ಬದು, ಕಂದಕ, ಕೆರೆ ಹೂಳು, ಗಿಡ ನೆಡುವುದು ಎಲ್ಲ ಅದರಲ್ಲಿ ನಡೆಯಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾನೂನಿನ ಜಾಗಕ್ಕೆ ಬೇರೆ ಕಾನೂನು ಮಾಡಿತು. ಹೊಸದರಲ್ಲಿ 125 ದಿನ ಅಂತ ಇದೆ. ಕಾನೂನಿನ ಹೆಸರು ಬದಲಾಗಬಹುದು. ನಾವು ಲೆಕ್ಕ ಕೇಳುವುದು ಬದಲಾಗಬಾರದು.

ಬನ್ನಿ, ಒಂದು ಲೆಕ್ಕ ಮಾಡೋಣ. ಸ್ಲೇಟು ತಗೊಳ್ಳಿ.

ಕಂದಕ ತೆಗೆಯಲು 1 ಲಕ್ಷ ರೂಪಾಯಿ ಖರ್ಚಾಗಿದೆ ಅಂತ ಇಟ್ಟುಕೊಳ್ಳಿ. ಹಳೆಯ ಕಾನೂನಿನಲ್ಲಿ ಪಂಚಾಯಿತಿ ಖರ್ಚಿನ ನೂರರಲ್ಲಿ 60 ಪಾಲಾದರೂ ಕೂಲಿಗೆ ಹೋಗಬೇಕಿತ್ತು. ಹಾಗೆ ನೋಡಿದರೆ ಕೂಲಿ 60 ಸಾವಿರ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ ಕೂಲಿ 370 ರೂಪಾಯಿ. 60 ಸಾವಿರವನ್ನು 370ರಿಂದ ಭಾಗಿಸಿ. ಸುಮಾರು 162 ಬಂತು. ಅಂದರೆ ಹತ್ತು ಜನ ಹದಿನಾರು ದಿನ ಕೆಲಸ ಮಾಡಿರಬೇಕು. ಕಂದಕ ಮಣ್ಣಿನ ಕೆಲಸ. ಅದಕ್ಕೆ ಸಿಮೆಂಟು, ಕಬ್ಬಿಣ ಬೇಡ. ಕೂಲಿ ಇನ್ನೂ ಹೆಚ್ಚೇ ಆಗಬೇಕು.

ನಿಮ್ಮೂರಲ್ಲಿ ನಾಲ್ಕು ಜನ ಮೂರು ದಿನ ಮಾತ್ರ ಕೆಲಸ ಮಾಡಿದ್ದರೆ? ಅದು 12 ಆಳು. 12 ಆಳಿಗೆ 4,440 ರೂಪಾಯಿ. ಉಳಿದದ್ದು ಎಲ್ಲಿ? ಈ ಪ್ರಶ್ನೆ ಕೇಳಲು ದೊಡ್ಡ ಓದು ಬೇಡ. ಕೂಡುವುದು, ಭಾಗಿಸುವುದು ಬಂದರೆ ಸಾಕು.

ನಾವು ಏನು ಮಾಡಬಹುದು?

ಒಂದು. ಫಲಕ ಓದಿ. ಕೆಲಸ ನಡೆದ ಜಾಗದಲ್ಲಿ ಕಾಮಗಾರಿಯ ಹೆಸರು, ಮೊತ್ತ, ತಾರೀಖು ಬರೆದ ಫಲಕ ನಿಲ್ಲಿಸುತ್ತಾರೆ. ಫಲಕ ಇಲ್ಲದಿದ್ದರೆ ಯಾಕಿಲ್ಲ ಅಂತ ಕೇಳಿ.

ಎರಡು. ಹಾಜರಿ ಪಟ್ಟಿ ಓದಿ ಸಹಿ ಮಾಡಿ. ನಿಮ್ಮ ಹೆಸರಿನ ಮುಂದೆ ಎಷ್ಟು ದಿನ ಬರೆದಿದ್ದಾರೆ? ಬ್ಯಾಂಕಿನ ಪಾಸ್ ಪುಸ್ತಕದಲ್ಲಿ ಎಷ್ಟು ದುಡ್ಡು ಬಂದಿದೆ? ಎರಡನ್ನೂ ಹೊಂದಿಸಿ ನೋಡಿ.

ಮೂರು. ಗೋಮಾಳದ ಪಹಣಿ ತೆಗೆಸಿ. ಸರ್ವೆ ನಂಬರು ಎಷ್ಟು, ಎಕರೆ ಎಷ್ಟು ಅಂತ ನೋಡಿ. ಕಾಗದದಲ್ಲಿ 40 ಎಕರೆ ಇದ್ದು ನೆಲದ ಮೇಲೆ 15 ಇದ್ದರೆ, ಗಿಡ ನೆಡುವ ಮೊದಲು ಅಳತೆ ಮಾಡಿಸಿ ಅಂತ ಕೇಳಿ.

ನಾಲ್ಕು. ಗ್ರಾಮ ಸಭೆಗೆ ಹೋಗಿ. ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ. ಕ್ರಿಯಾ ಯೋಜನೆಗೆ ಕೆಲಸ ಸೇರುವುದು ಅಲ್ಲೇ. ಅಲ್ಲಿ ಸೇರದ ಕೆಲಸಕ್ಕೆ ಆಮೇಲೆ ದುಡ್ಡು ಕೇಳುವುದು ಕಷ್ಟ. ನಿಮ್ಮ ಮಾತನ್ನು ನಡವಳಿ ಪುಸ್ತಕದಲ್ಲಿ ಬರೆದರೋ ಇಲ್ಲವೋ ನೋಡಿಕೊಂಡೇ ಬನ್ನಿ.

ಐದು. ಉತ್ತರ ಸಿಗದಿದ್ದರೆ ಅರ್ಜಿ ಬರೆಯಿರಿ. 2005ರ ಮಾಹಿತಿ ಹಕ್ಕು ಕಾನೂನು ಇದೆ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು.

2010ರಿಂದ ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೆ. ಕುರ್ಚಿ ಸಿಕ್ಕಿದೆ. ಕುರ್ಚಿಯಲ್ಲಿ ಕೂತ ಅಕ್ಕನಿಗೆ ಧೈರ್ಯ ಬರಬೇಕಾದರೆ ಎದುರಿಗೆ ನಾವು ಕೂತಿರಬೇಕು.

ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ಓದಲು ಮಾತ್ರ ಅಲ್ಲ. ಊರಿನ ಲೆಕ್ಕ ಓದಲು. ದಿಬ್ಬ ಹಸಿರಾದರೆ ಸೌದೆಗೆ ಎರಡು ಮೈಲಿ ನಡೆಯುವುದು ತಪ್ಪುತ್ತದೆ. ನೀರು ಇಂಗಿದರೆ ಬಾವಿಗೆ ಬರುತ್ತದೆ. ಈ ವಾರವೇ ನಿಮ್ಮೂರಿನ ಒಂದು ಫಲಕ ಓದಿ ಬನ್ನಿ. ಅದರಲ್ಲಿದ್ದದ್ದನ್ನು ಪುಸ್ತಕದಲ್ಲಿ ಬರೆದು ತನ್ನಿ.

ಯೋಚಿಸಿ, ಮಾತಾಡಿ

1. ನಿಮ್ಮೂರಿನ ಗೋಮಾಳ ಎಷ್ಟು ಎಕರೆ? ಈಗ ಅಲ್ಲಿ ಏನಿದೆ?
2. ಅಲ್ಲಿ ಯಾವ ಗಿಡ ಬೇಕು? ಯಾಕೆ?
3. ಹೋದ ವರ್ಷ ನೆಟ್ಟ ಗಿಡಗಳಲ್ಲಿ ಎಷ್ಟು ಉಳಿದಿವೆ? ಎಣಿಸಿ ಬರೆಯಿರಿ.
4. 50 ಸಾವಿರ ರೂಪಾಯಿ ಕೂಲಿಗೆ ಹೋಗಿದೆ. ದಿನಕ್ಕೆ ಕೂಲಿ 370 ರೂಪಾಯಿ. ಎಷ್ಟು ಆಳು ಕೆಲಸ ಆಗಿರಬೇಕು?